ಝಾನ್ಸಿಗೊಂದು ಆನೆಪಟಾಕಿ

ಶಿವಾಜಿನಗರದಲ್ಲಿ ಸೂಟ್‌ಕೇಸು, ಬ್ಯಾಗು ಮಾರಿಯೇ ಮನೆ ಕಟ್ಟಿದವನು ನಾನು. ಅಂಗಡಿಗೆ ಬಂದವರು ಬಾಯಿ ಬಿಡುವ ಮೊದಲೇ ಅವರು ಕೊಳ್ಳುವವರೋ, ಮಳೆ ನಿಲ್ಲುವ ತನಕ ನಿಂತವರೋ ಎಂದು ಹೇಳಬಲ್ಲೆ. ಜಿಪ್ಪು ಎಳೆದು ನೋಡುವವರು ಕೊಳ್ಳುತ್ತಾರೆ. ಮೊದಲೇ ಬೆಲೆ ಕೇಳುವವರು ಎದುರಿನ ಅಂಗಡಿಗೆ ಹೋಗುತ್ತಾರೆ. ಈ ಲೆಕ್ಕಕ್ಕೆ ಸಿಗದ ಗಿರಾಕಿ ಝಾನ್ಸಿ ಒಬ್ಬಳೇ. ಒಂದೊಂದು ಬ್ಯಾಗನ್ನೂ ಮನಸ್ಸಿಟ್ಟು ನೋಡುತ್ತಿದ್ದಳು, ಬೆಲೆ ಕೇಳುತ್ತಿರಲಿಲ್ಲ, ಕೊಳ್ಳುತ್ತಲೂ ಇರಲಿಲ್ಲ. ಅವಳು ನಿವೃತ್ತ ಪೊಲೀಸ್ ನಾಯಿ.

ಅವಳನ್ನು ಪಳಗಿಸಿದ ಹೆಡ್ ಕಾನ್‌ಸ್ಟೆಬಲ್ ಮುನಿರಾಜು ನನ್ನ ಹಳೆಯ ಸ್ನೇಹಿತರು. ಇಬ್ಬರೂ ಜೊತೆಯಲ್ಲೇ ನಿವೃತ್ತರಾಗಿ ಹಲಸೂರಿನ ಮನೆ ಸೇರಿದರು. ಬಾಂಬು ಹುಡುಕುವುದು ಅವಳ ಉದ್ಯೋಗವಾಗಿತ್ತು. ಮಂತ್ರಿಗಳು ಹತ್ತುವ ವೇದಿಕೆ, ಮೈದಾನದ ಕುರ್ಚಿಗಳು, ರೈಲು ನಿಲ್ದಾಣದಲ್ಲಿ ವಾರಸುದಾರರಿಲ್ಲದೆ ಬಿದ್ದ ಗಂಟುಮೂಟೆ, ಎಲ್ಲವನ್ನೂ ಮೊದಲು ಅವಳು ಮೂಸಬೇಕು, ಆಮೇಲೆ ಮಿಕ್ಕವರ ಸರದಿ. ಮದ್ದಿನ ವಾಸನೆ ಬಂದರೆ ಬೊಗಳುವಂತಿಲ್ಲ, ಕೆರೆಯುವಂತಿಲ್ಲ. ಅದರ ಮುಂದೆ ಸುಮ್ಮನೆ ಕೂತುಬಿಡಬೇಕು. ಸುಮ್ಮನಿದ್ದು ಸಂಬಳ ದುಡಿಯುವ ಕೆಲಸ ನನ್ನಂಥ ಬಾಯಿಬಡುಕನಿಗೆ ಸುಲಭವಾಗಿ ಅರ್ಥವಾಗುವಂಥದ್ದಲ್ಲ.

ನಿವೃತ್ತಿಯಾದದ್ದೇ ಝಾನ್ಸಿ ಊಟ ಬಿಟ್ಟಳು.

“ಡಾಕ್ಟ್ರು ಕಾಯಿಲೆ ಏನೂ ಇಲ್ಲ ಅಂತಾರೆ ಅಣ್ಣ. ತಟ್ಟೆ ಇಟ್ರೆ ಗೋಡೆ ನೋಡ್ತಾಳೆ. ಹಿಂಗೇ ಆದ್ರೆ ಉಳಿಯಲ್ಲ,” ಎಂದರು ಮುನಿರಾಜು.

ಕೇಳದಿದ್ದರೂ ಸಲಹೆ ಕೊಡುವವನು ನಾನು, ಕೇಳಿದರೆ ಬಿಡುತ್ತೇನೆಯೇ? ಮೂಳೆ ಸೂಪು ಎಂದೆ, ಮೊಸರನ್ನ ಎಂದೆ, ಕೆರೆಯ ಗಾಳಿ ಎಂದೆ. ಯಾವುದೂ ಕೆಲಸಕ್ಕೆ ಬರಲಿಲ್ಲ. ಕೊನೆಗೆ ಒಂದು ಬೆಳಿಗ್ಗೆ ಮುನಿರಾಜು ಅವಳನ್ನೇ ಅಂಗಡಿಗೆ ಕರೆತಂದರು. ಹೊಸ್ತಿಲು ದಾಟಿದ್ದೇ ತಡ, ಮುದುಕಿಯ ಬಾಲ ನೆಟ್ಟಗಾಯಿತು. ಸೂಟ್‌ಕೇಸುಗಳನ್ನು ಒಂದೊಂದಾಗಿ ಮೂಸುತ್ತ ಸಾಲಿನ ಕೊನೆ ಮುಟ್ಟಿದಳು; ಏನೂ ಸಿಗದೆ ತಲೆ ತಗ್ಗಿಸಿ ಮಲಗಿಬಿಟ್ಟಳು.

“ಡ್ಯೂಟೀಲೂ ಹಿಂಗೇ. ದಿನಗಟ್ಲೆ ಏನೂ ಸಿಗ್ಲಿಲ್ಲ ಅಂದ್ರೆ ಬೇಜಾರ್ ಮಾಡ್ಕೊಳ್ಳೋಳು. ಅದಕ್ಕೇ ನಾವೇ ಒಂಚೂರು ಮದ್ದು ಬಚ್ಚಿಡ್ತಿದ್ವಿ. ಪತ್ತೆ ಹಚ್ಚಿ ಕೂತ್ಕೊಂಡ್ರೆ ಆಡೋಕೆ ಚೆಂಡು ಕೊಡೋದು.”

“ಇದನ್ನ ಮೊದ್ಲೇ ಹೇಳೋದ್ ಬಿಟ್ಟು ಸೂಪು ಕಾಯಿಸ್ತಾ ಕೂತಿದ್ರಲ್ರೀ,” ಎಂದು ಬೈದು, ದೀಪಾವಳಿಯಲ್ಲಿ ಉಳಿದಿದ್ದ ಆನೆಪಟಾಕಿಯೊಂದನ್ನು ಮನೆಯಿಂದ ತರಿಸಿದೆ. ನನ್ನ ಮಗಳು ಸವಿತಾ ಅದನ್ನು ನೀಲಿ ಸೂಟ್‌ಕೇಸಿನೊಳಗೆ ಬಚ್ಚಿಟ್ಟಳು. ಝಾನ್ಸಿ ಮತ್ತೆ ಸಾಲು ಹಿಡಿದು ಬಂದವಳು ನೀಲಿಯ ಮುಂದೆ ನಿಂತಳು. ಕೂತಳು. ಚೆಂಡು ಬಾಯಿಗೆ ಬಂತು. ಅವತ್ತು ತಟ್ಟೆಯನ್ನು ತೊಳೆಯುವ ಅಗತ್ಯವಿಲ್ಲದಂತೆ ನೆಕ್ಕಿದಳಂತೆ.

ಅಲ್ಲಿಂದ ಅವಳಿಗೆ ದಿನಾ ನನ್ನಲ್ಲಿ ಡ್ಯೂಟಿ, ಪಟಾಕಿ ಬಚ್ಚಿಡುವುದು ಸವಿತಾಳ ಡ್ಯೂಟಿ. ಪುಕ್ಕಟೆ ಪುಣ್ಯ ನನಗೆ ಒಗ್ಗುವುದಿಲ್ಲವಾದ್ದರಿಂದ, “ಪೊಲೀಸ್ ಚೆಕಿಂಗ್ ಆಗಿರೋ ಮಾಲು ಸಾರ್, ಇನ್ನು ಕಮ್ಮಿ ಮಾಡಕ್ಕಾಗಲ್ಲ,” ಎಂದು ಗಿರಾಕಿಗಳಿಗೆ ಹೇಳತೊಡಗಿದೆ. “ಮತ್ತೆ ನಾಯಿ ಇದರ ಮುಂದೇನೇ ಕೂತಿದೆಯಲ್ರೀ?” ಎಂದು ಒಬ್ಬರು ಕೇಳಿದರು. “ಅವ್ಳಿಗೂ ಇದೇ ಇಷ್ಟ ಸಾರ್,” ಎಂದೆ.

ನಿವೃತ್ತರಿರುವ ಮನೆಯವರಿಗೆಲ್ಲ ಅಂದಿನಿಂದ ನನ್ನ ಸಲಹೆ ಒಂದೇ: ವಿಶ್ರಾಂತಿ ತೆಗೆದುಕೊಳ್ಳಿ ಎನ್ನಬೇಡಿ, ಎಲ್ಲಾದರೂ ಒಂದು ಪಟಾಕಿ ಬಚ್ಚಿಡಿ.

ಝಾನ್ಸಿ ಹೋದ ವರ್ಷ ನಿದ್ದೆಯಲ್ಲೇ ತೀರಿಕೊಂಡಳು. ಈಗ ಅಂಗಡಿ ಸವಿತಾಳದು. ಎಲ್ಲದಕ್ಕೂ ಬೆಲೆಚೀಟಿ ಅಂಟಿಸಿದ್ದಾಳೆ, ಚೌಕಾಸಿಗೆ ಜಾಗವಿಲ್ಲ. ಕಾಕ್ಸ್ ಟೌನಿನ ಮನೆಯಲ್ಲಿ ತಟ್ಟೆ ಮುಂದೆ ಬಂದರೆ ನಾನೂ ಗೋಡೆ ನೋಡುತ್ತಿದ್ದೆ. ಹೀಗಿರುವಾಗ ಒಂದು ದಿನ ಅವಳ ಫೋನು ಬಂತು. “ಅಪ್ಪಾ, ಒಬ್ರು ಮೇಡಂ ರೇಟೇ ಒಪ್ತಿಲ್ಲ. ನನ್ ಕೈಲಿ ಆಗಲ್ಲ, ನೀವೇ ಬರ್ಬೇಕು.”

ಹೋದೆ. ಆಕೆ ಗಟ್ಟಿಗಿತ್ತಿ. ಮುನಿಸು, ನಗು, ಚಕ್ರದ ಮೇಲಿನ ಗೀರು ತೋರಿಸುವುದು, ಬಾಗಿಲ ತನಕ ಹೋಗಿ ವಾಪಸು ಬರುವುದು, ಎಲ್ಲ ಶಾಸ್ತ್ರವೂ ಮುಗಿದು ನನ್ನ ಬೆಲೆಗೇ ಕೆಂಪು ಟ್ರಾಲಿ ಬ್ಯಾಗು ಕೊಂಡರು. ಅವತ್ತು ಮನೆಯಲ್ಲಿ ಎರಡನೆಯ ಸಲ ಸಾರು ಹಾಕಿಸಿಕೊಂಡೆ.

ಎರಡು ದಿನ ಬಿಟ್ಟು ಅಂಗಡಿಗೆ ಹೋದರೆ, ಅದೇ ಕೆಂಪು ಬ್ಯಾಗು, ಚಕ್ರದ ಮೇಲೆ ಅದೇ ಗೀರು, ಸಾಲಿನಲ್ಲಿ ತನ್ನ ಜಾಗದಲ್ಲೇ ನಿಂತಿದೆ. ಸವಿತಾಳನ್ನು ನೋಡಿದೆ. ಅವಳು ಫೋನು ನೋಡತೊಡಗಿದಳು.

ದಿನಾ ಅದೇ ಪಟಾಕಿ, ಅದೇ ವಾಸನೆ. ಅಂಥ ಮೂಗಿಗೆ ನಮ್ಮ ನಾಟಕ ಗೊತ್ತಾಗಿರಲಿಲ್ಲವೆಂದು ಈಗ ನನಗೆ ನಂಬಿಕೆಯಿಲ್ಲ. ಆದರೂ ಝಾನ್ಸಿ ಕೂರುತ್ತಿದ್ದಳು. ನಾನೂ ಸ್ಟೂಲು ಎಳೆದುಕೊಂಡು, ಕೆಂಪು ಬ್ಯಾಗಿನ ಮುಂದೆ, ಬಾಯಿ ಬಿಡದೆ ಕೂತೆ. ಸವಿತಾ ನನಗೊಂದು ಟೀ ತರಿಸಿದಳು.