ಬೂದಿ ಹಾರಿದ ದಿಕ್ಕು

ಟಪ್, ಟಪ್. ಸಣ್ಣ ಬಟ್ಟೆಚೀಲವೊಂದನ್ನು ಉಗುರಿನಿಂದ ಎರಡು ಸಲ ತಟ್ಟಿದ ಸದ್ದು. ಆಮೇಲೆ ಯಾರೂ ಉಸಿರಾಡಬಾರದು. ಜರಡಿ ಹಿಡಿದ ಬೂದಿ ಚೀಲದಿಂದ ಉದುರಿ, ಗಾಳಿಯಲ್ಲಿ ಒಂದು ಕ್ಷಣ ನಿಂತು, ಮನಸ್ಸು ಮಾಡಿದ ಹಾಗೆ ಒಂದು ಕಡೆಗೆ ಹೊರಡುತ್ತಿತ್ತು. ಅದು ಹೋದ ಕಡೆ ನಾವು ಹೋಗುವಂತಿಲ್ಲ. ಅದು ಬಂದ ಕಡೆಗೇ ನಮ್ಮ ನಡಿಗೆ.

ಆ ಚೀಲವನ್ನು ಸೊಂಟಕ್ಕೆ ಕಟ್ಟಿಕೊಳ್ಳುತ್ತಿದ್ದವರನ್ನು ನಮ್ಮ ಮನೆಯಲ್ಲಿ ಎಲ್ಲರೂ ‘ಹಾಡಿಯವನು’ ಅನ್ನುತ್ತಿದ್ದರು. ಹಂಪಾಪುರದ ಕಡೆ ನಮ್ಮ ಜಮೀನು. ಕಾಡಂಚಿನಲ್ಲಿ ಅವರ ಜನರ ಗುಡಿಸಲುಗಳ ಹಾಡಿ. ಅಪ್ಪಾಜಿಗೆ ಶಿಕಾರಿಯ ಹುಚ್ಚು, ಅವರಿಗೆ ಗಾಳಿಯ ಜ್ಞಾನ. ಅಪ್ಪಾಜಿಗಿಂತ ಹತ್ತು ವರ್ಷ ದೊಡ್ಡವರಾದ ಅವರನ್ನು ನಾನು, ಜಡೆಗೆ ರಿಬ್ಬನ್ ಕಟ್ಟಿಕೊಂಡ ಹುಡುಗಿ, ‘ನೀನು’ ಅಂತ ಕರೆಯುತ್ತಿದ್ದೆ. ಅವರು ನನ್ನನ್ನು ‘ನೀವು’ ಅನ್ನುತ್ತಿದ್ದರು. ಮೈಸೂರಿನ ಕಾನ್ವೆಂಟಿನಲ್ಲಿ ಮ್ಯಾನರ್ಸ್ ಕ್ಲಾಸ್ ಇತ್ತು. ಅದರಲ್ಲಿ ಇದೊಂದು ಬರಲಿಲ್ಲ.

ಹಾಲಿಡೇಸ್‌ನಲ್ಲಿ ಹಟ ಹಿಡಿದು ಮೊದಲ ಸಲ ಜೀಪು ಹತ್ತಿದ ದಿನ ಅವರು ನನ್ನನ್ನು ಹತ್ತಿರ ಕರೆದು ಮೂಸಿದರು.

“ಅಮ್ಮಣ್ಣಿ, ಮದುವೆ ಮನೆಗೆ ಬಂದಂಗೆ ಬಂದಿದ್ದೀರಲ್ಲಾ! ಆ ಮುಖದ ಇಟ್ಟು ತೊಳ್ಕಳಿ ಮದ್ಲು.”

ಹಿಟ್ಟು ಅಂದದ್ದು ನನ್ನ ಟಾಲ್ಕಮ್ ಪೌಡರಿಗೆ. ಹಳ್ಳದ ನೀರಲ್ಲಿ ಮುಖ ತೊಳೆಸಿದರು. ಕಾಡುತುಳಸಿ ಕಿವುಚಿ ಕುತ್ತಿಗೆಗೆ ಹಚ್ಚಿಕೊಳ್ಳಲು ಕೊಟ್ಟರು. “ಜಿಂಕೆ ಕಣ್ಣಿಗೆ ಬಿದ್ರೆ ಅದು ಒಂದ್ ಗಳ್ಗೆ ನಿಂತ್ಕಂಡು ಯೋಚ್ನೆ ಮಾಡ್ತದೆ. ಮೂಗಿಗೆ ಸಿಕ್ಕುದ್ರೆ ಯೋಚ್ನೆ ಮಾಡಕಿಲ್ಲ, ಓಯ್ತದೆ.”

ಅವರು ಹೇಳಿಕೊಟ್ಟದ್ದು ಇವತ್ತಿಗೂ ಬಾಯಿಗೆ ಬರುತ್ತದೆ. ಬೆಳಗಿನ ತಂಪಿನಲ್ಲಿ ಗಾಳಿ ಗುಡ್ಡದಿಂದ ಕೆಳಕ್ಕೆ ಇಳಿಯುತ್ತದೆ, ಆಗ ಕೆಳಗಿನಿಂದ ಹತ್ತಬೇಕು. ಬಿಸಿಲೇರಿದ ಮೇಲೆ ಗಾಳಿಯೂ ಮೇಲೇರುತ್ತದೆ, ಆಗ ಮೇಲೆ ಕಾಯಬೇಕು. ಹಳ್ಳದೊಳಗೆ ಗಾಳಿ ಸುತ್ತು ಹೊಡೆಯುತ್ತದೆ, ಅಲ್ಲಿ ಸುಮ್ಮನೆ ಕೂರಬೇಕು. ಬೂದಿ ಮುಗಿದರೆ ಎಂಜಲಿನಿಂದ ಕಿವಿಯ ಹಿಂಭಾಗ ಒದ್ದೆ ಮಾಡಿಕೊಂಡು ಕಣ್ಣು ಮುಚ್ಚುತ್ತಿದ್ದರು. ಯಾವ ಕಿವಿ ತಣ್ಣಗಾಯಿತೋ ಆ ಕಡೆಯಿಂದ ಗಾಳಿ.

ಅಪ್ಪಾಜಿಗೆ ಇಷ್ಟು ತಾಳ್ಮೆ ಎಲ್ಲಿ! “ಏನ್ಲಾ, ದೇವಸ್ಥಾನದ ಪೂಜಾರಿ ಥರ ಬೂದಿ ಉದುರುಸ್ಕೊಂಡು ಕೂತಿದ್ದೀಯ?” ಅಂತ ಸಿಗರೇಟು ಹಚ್ಚುತ್ತಿದ್ದರು.

“ಸೇದಿ ಬುದ್ದೀ, ಸೇದಿ. ಅಲ್ಲಿ ಜಿಂಕೇನೂ ನಿಮ್ ಸಿಗರೇಟೇ ಸೇದ್ತಾ ಅದೆ.”

ಅಪ್ಪಾಜಿ ಬೈಯುತ್ತಲೇ ಆರಿಸುತ್ತಿದ್ದರು.

ಇನ್ನೊಂದು ವಿದ್ಯೆಯಿತ್ತು ಅವರಿಗೆ. ಒಂದು ಸಲ ಕೇಳಿದ ಸದ್ದನ್ನು ಹಾಗೇ ತಿರುಗಿ ಹೇಳುತ್ತಿದ್ದರು. ಮರಿ ಕಳೆದುಕೊಂಡ ಜಿಂಕೆ, ಕಾಡುಕೋಳಿ, ಚಳಿಯಲ್ಲಿ ಸ್ಟಾರ್ಟ್ ಆಗದ ನಮ್ಮ ಜೀಪು. ನಾನು ಒಂದು ಇಂಗ್ಲಿಷ್ ರೈಮ್ ಹೇಳಿದರೆ ಅರ್ಥ ತಿಳಿಯದೆಯೇ, ನನ್ನ ಮೂಗಿನ ದನಿಯ ಸಮೇತ, ಒಪ್ಪಿಸಿಬಿಡುತ್ತಿದ್ದರು. ನಾನು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ.

ನನಗೆ ಹದಿನಾರಾದ ವರ್ಷ ಬೇಟೆಗೆ ಕಾನೂನು ಅಡ್ಡ ಬಂತು. ಕಾಡು ಕಾಯಲು ವಾಚರ್‌ಗಳನ್ನು ತೆಗೆದುಕೊಳ್ಳುತ್ತಾರೆ ಅಂತ ಸುದ್ದಿ. ಅವರು ನಮ್ಮ ಜಗಲಿಯ ಕೆಳಗೆ ಬಂದು ನಿಂತರು. “ಅಮ್ಮಣ್ಣಿ, ನಿಮ್ ಇಂಗ್ಲೀಸ್‌ನಾಗೆ ಒಂದ್ ಅರ್ಜಿ ಗೀಚ್ಕೊಡಿ. ತಿಂಗ್ಳು ತಿಂಗ್ಳು ಸಂಬ್ಳ, ಕಾಕಿ ಅಂಗಿ. ಕಾಡ್ನಾಗೇ ಇರ್ಬೋದು, ಯಾರೂ ಒಕ್ಕಲೆಬ್ಬುಸಕಿಲ್ಲ.” ನೀಟಾದ ಕಾನ್ವೆಂಟ್ ಹ್ಯಾಂಡ್‌ರೈಟಿಂಗಿನಲ್ಲಿ ಬರೆದೆ: ರೆಸ್ಪೆಕ್ಟೆಡ್ ಸರ್, ಐ ಬೆಗ್ ಟು ಸ್ಟೇಟ್. ಅರ್ಜಿಗೆ ಹೆಸರು ಬೇಕಲ್ಲ, ಅಂದೇ ನಾನು ಅವರ ಹೆಸರು ಕೇಳಿದ್ದು. ಅದನ್ನು ಬರೆದದ್ದು ಅದೊಂದೇ ಸಲ. ಇಲ್ಲಿ ಬರೆಯಲು ಕೈ ಬರುವುದಿಲ್ಲ. ಅವರು ಹೆಬ್ಬೆಟ್ಟು ಒತ್ತಿ, ಮಸಿ ಆರುವವರೆಗೂ ಊದಿದರು.

ರೇಂಜರ್ ಅರ್ಜಿ ನೋಡಿ, ಮುಂದಿನ ತಿಂಗಳು ಬಾ ಅಂದಿದ್ದರಂತೆ. ಅಷ್ಟರಲ್ಲಿ ಅಪ್ಪಾಜಿಗೆ ನೆಂಟರ ಮುಂದೆ ಜಂಬ ತೋರಿಸಬೇಕಾಯಿತು, ಭಾನುವಾರ ಮನೆಯಲ್ಲಿ ಜಿಂಕೆಯ ಬಾಡೂಟ ಅಂತ.

“ಬ್ಯಾಡಿ ಬುದ್ದೀ. ಅರ್ಜಿ ಅವ್ರ ಮೇಜಿನ್ ಮ್ಯಾಲದೆ.”

“ಆ ಅರ್ಜೀಗೆ ಸೈನ್ ಹಾಕ್ಸೋನು ಯಾರು? ನಾನು ಕಣೋ. ಹತ್ತು ಜೀಪು.”

ಹತ್ತಿದರು. ನಾನೂ ಇದ್ದೆ.

ಬೆಳಗ್ಗೆ ಗುಡ್ಡದ ಬುಡದಲ್ಲಿ ಟಪ್, ಟಪ್. ಬೂದಿ ನೇರ ನಮ್ಮ ಮುಖಕ್ಕೇ ಬಂತು. ಮೇಲೆ ಐವತ್ತು ಹೆಜ್ಜೆ ದೂರದಲ್ಲಿ ಜಿಂಕೆಗಳು ಮೇಯುತ್ತಿದ್ದವು. ಇದಕ್ಕಿಂತ ಒಳ್ಳೆಯ ಗಾಳಿ ಇಲ್ಲ. ಆದರೆ ಅವರು ಹಾರಿಹೋದ ಬೂದಿಯನ್ನು ನಮ್ಮ ಬೆನ್ನ ಹಿಂದಕ್ಕೂ ತಿರುಗಿ ನೋಡಿದರು. ಕೆಳಗೆ ಆ ದಿಕ್ಕಿನಲ್ಲೇ ಫಾರೆಸ್ಟ್ ಗೇಟು. “ಬುದ್ದೀ, ಈ ಗಾಳಿ ಜಿಂಕೆಗೆ ಆಯ್ತದೆ, ನಮಗಾಗಕಿಲ್ಲ. ಈಡಿನ ಸದ್ದ ಎತ್ಕಂಡೋಗಿ ಗೇಟ್ನಾಗೇ ಇಳುಸ್ತದೆ. ನಡೀರಿ ಮನೆಗೆ.”

ಅಪ್ಪಾಜಿ ಹೊಡೆದರು. ಜಿಂಕೆ ಮಂಡಿಯೂರಿ ಬಿತ್ತು. “ಹಿಡ್ಕೊಳ್ಳೋ” ಅಂತ ಕೋವಿ ಚಾಚಿದರು. ಇಪ್ಪತ್ತು ವರ್ಷದ ಅಭ್ಯಾಸದಂತೆ ಅವರು ತೆಗೆದುಕೊಂಡರು. ಜಿಂಕೆಯನ್ನು ಹೊತ್ತು ಜೀಪಿನ ಬಳಿಗೆ ಬರುವಷ್ಟರಲ್ಲಿ ಗಾರ್ಡುಗಳೂ ರೇಂಜರೂ ಅಲ್ಲೇ ನಿಂತಿದ್ದರು. ಜಿಂಕೆ ಹೊತ್ತಿದ್ದ ಅವರ ಹೆಗಲಲ್ಲೇ ಕೋವಿಯೂ ಇತ್ತು.

ಅಪ್ಪಾಜಿ ಇಂಗ್ಲಿಷಿನಲ್ಲಿ ಶುರುಮಾಡಿದರು. ಇವನೇ ಒಂದು ಚಾನ್ಸ್ ಕೊಡಿ ಅಂತ ಗೋಗರೆದ, ಬೇಡ ಅಂದರೂ ಹೊಡೆದುಬಿಟ್ಟ. ರೇಂಜರ್‌ಗೆ ನಂಬಿಕೆ ಬರಲಿಲ್ಲ. ನನ್ನ ಕಡೆ ತಿರುಗಿ, ಇಂಗ್ಲಿಷಿನಲ್ಲೇ, ಮೆಲ್ಲಗೆ ಕೇಳಿದರು: ಬೇಬಿ, ನೀನು ಹೇಳು, ಯಾರು ಹೊಡೆದದ್ದು?

“ಐ ಡಿಡ್ ನಾಟ್ ಸೀ, ಸರ್.”

ಹೆದರಿಕೆ ಅಂತ ಬಹಳ ವರ್ಷ ಹೇಳಿಕೊಂಡೆ. ಹೆದರಿಕೆಯಲ್ಲ. ಅಪ್ಪಾಜಿಯನ್ನು ಫಾರೆಸ್ಟಿನವರ ಜೀಪಿನಲ್ಲಿ ಕೂರಿಸಿಕೊಂಡು ಹೋಗುವುದನ್ನು ಊಹಿಸಲೂ ಆಗಲಿಲ್ಲ; ಹಾಡಿಯಿಂದ ಬಂದ ಅವರನ್ನು ಕೂರಿಸುವುದನ್ನು ಊಹಿಸಲು ಕಷ್ಟವಾಗಲಿಲ್ಲ. ಅಷ್ಟೇ. ನನ್ನ ಮಾತು ಅರ್ಥವಾಗದ ಅವರು ನನ್ನ ಮುಖ ನೋಡಿ ತಲೆಯಾಡಿಸಿದರು, ಸಣ್ಣಗೆ ನಕ್ಕರು. ಅಮ್ಮಣ್ಣಿ ನಿಜ ಹೇಳಿದರು ಅಂದುಕೊಂಡಿದ್ದರು.

ಅವರಿಗೆ ಆರು ತಿಂಗಳು ಜೈಲಾಯಿತು. ಜೈಲು ಕಂಡವನಿಗೆ ವಾಚರ್ ಕೆಲಸ ಯಾರು ಕೊಡುತ್ತಾರೆ! ಜೇನಿಗೆ ಕಾಡು ಹೊಕ್ಕರೂ ಗಾರ್ಡುಗಳು ತಡೆದು ಚೀಲ ಸುರಿಸಿ ನೋಡುತ್ತಿದ್ದರಂತೆ. ಅಪ್ಪಾಜಿ ಒಂದು ಮೂಟೆ ರಾಗಿ ಕಳಿಸಿದರು. ಅದು ಬಿಚ್ಚದೆ ನಮ್ಮ ಜಗಲಿಗೇ ವಾಪಸ್ ಬಂದಿತ್ತು.

ನನಗೆ ಮದುವೆಯಾಯಿತು. ಅಪ್ಪಾಜಿ ತೀರಿಕೊಂಡ ಮೇಲೆ ಎರಡು ಸಲ ಕಾರಿನಲ್ಲಿ ಹಾಡಿಗೆ ಹೋದೆ. ಎರಡು ಸಲವೂ ಒಲೆಯ ಮುಂದೆ ಅವರ ಸೊಸೆ ಒಬ್ಬಳೇ. “ಈಗ್ ತಾನೆ ಎದ್ದೋದ್ರು ಕಣವ್ವಾ. ಪೆಟ್ರೋಲು, ಮುಖದ ಇಟ್ಟು, ಎಲ್ಡೂ ಬತ್ತಾ ಅವೆ ಅಂದ್ರು.”

ಮೂರನೆಯ ಸಲ ಸೋಪು, ಪೌಡರು ಮುಟ್ಟಲಿಲ್ಲ. ಕಾರನ್ನು ದೂರ ಬಿಟ್ಟೆ. ಕಾಡುತುಳಸಿ ಕಿವುಚಿ ಹಚ್ಚಿಕೊಂಡೆ. ಮನೆಯಿಂದ ತಂದ ಬೂದಿ ಉದುರಿಸಿ ನೋಡಿ, ಗಾಳಿ ಮುಖಕ್ಕೆ ಬಡಿಯುವಂತೆ ಸುತ್ತುಬಳಸಿ ನಡೆದೆ. ಹಾಡಿಯಾಚೆ ಹೊಂಗೆಯ ಕೆಳಗೆ ಅವರು ಬಿದಿರು ಸೀಳುತ್ತಿದ್ದರು. ಕಣ್ಣಿಗೆ ಪೊರೆ ಬಂದಿತ್ತು. ಹತ್ತು ಹೆಜ್ಜೆ ಉಳಿದಾಗ ಕತ್ತಿ ನಿಂತಿತು.

“ಗಾಳಿ ನೋಡ್ಕಂಡ್ ಬಂದ್ರಾ, ಅಮ್ಮಣ್ಣಿ?”

“ಹೂಂ.”

“ಚೆನ್ನಾಗಿ ಕಲ್ತಿದ್ದೀರಿ.”

“ನಿಮ್ಮ ಹತ್ತಿರ ಒಂದು ಮಾತು ಹೇಳಬೇಕಿತ್ತು. ಅವತ್ತು ನಾನು ಇಂಗ್ಲಿಷಿನಲ್ಲಿ...”

ಅವರು ಕೈಯೆತ್ತಿ ತಡೆದರು. ಗಂಟಲು ಸರಿಮಾಡಿಕೊಂಡರು. ಆಮೇಲೆ ಆ ಒಣಗಿದ ಬಾಯಿಯಿಂದ ಬಂದದ್ದು ಹದಿನಾರರ ಹುಡುಗಿಯ ದನಿ, ಮೂಗಿನ ರಾಗದ ಸಮೇತ:

“ಐ ಡಿಡ್ ನಾಟ್ ಸೀ, ಸರ್.”

ಮತ್ತೆ ತಮ್ಮ ದನಿಯಲ್ಲಿ ಹೇಳಿದರು: “ಜೈಲ್ನಾಗೆ ಒಬ್ಬ ಇಂಗ್ಲೀಸ್ ಬಲ್ಲೋನಿದ್ದ. ಅಮ್ಮಣ್ಣಿ ನನ್ ಪರ ಏನಂದ್ರು ಕೇಳಾಣ ಅಂತ, ಅವ್ನ ಮುಂದೆ ಇಂಗೇ ಅಂದೆ. ಅವನು ಅರ್ಥ ಏಳುದ.”

ಕಂಬಳಿ ಹೆಗಲಿಗೆ ಹಾಕಿ, ಕತ್ತಿ, ಬಿದಿರು ಎತ್ತಿಕೊಂಡು ಎದ್ದರು. ಅವಸರವಿಲ್ಲದೆ ಗಾಳಿಗೆ ಎದುರಾಗಿ ನಡೆದರು. ನಾನು ಅವರ ಬೆನ್ನ ಹಿಂದೆ, ಕೋವಿ ಹಿಡಿದವರನ್ನು ಅವರು ಯಾವಾಗಲೂ ಗಾಳಿ ಮುಖಕ್ಕೆ ಬರುವಂತೆ ನಿಲ್ಲಿಸುತ್ತಿದ್ದ ಕಡೆಯಲ್ಲೇ ನಿಂತಿದ್ದೆ. ಮರಗಳ ಸಂದಿಯಲ್ಲಿ ಬೆನ್ನು ಮರೆಯಾದ ಮೇಲೂ ಅವರ ಕಂಬಳಿಯ ಹೊಗೆವಾಸನೆ ಬಹಳ ಹೊತ್ತು ನನ್ನ ಕಡೆಗೇ ಬರುತ್ತಿತ್ತು.