ಬಾಷಾ ಗ್ಯಾರೇಜು ಮುಚ್ಚಿದ್ದು

ಬೈಕುಲ್ಲಾ ತರಕಾರಿ ಮಾರ್ಕೆಟ್ಟಿನ ಹಿಂದಿನ ಗಲ್ಲಿಯಲ್ಲಿ ಬಾಷಾ ಅವರ ಬೈಕ್ ಗ್ಯಾರೇಜಿತ್ತು. ಊರು ವಿಜಯಪುರದ ಕಡೆ. ಚೆನ್ನಾಗಿರುವ ಪಾರ್ಟನ್ನು ಕೆಟ್ಟಿದೆಯೆಂದು ಹೇಳಿ ಬದಲಿಸುವ ಚಾಳಿ ಅವರಿಗಿರಲಿಲ್ಲ. ಪವಾಯಿಯ ಹೋಟೆಲೊಂದರ ಮ್ಯಾನೇಜರ್, ಉಡುಪಿ ಕಡೆಯ ಸದಾನಂದ, ಅಷ್ಟು ದೂರದಿಂದ ಅವರಲ್ಲಿಗೇ ಬರುತ್ತಿದ್ದುದು ಇದಕ್ಕಾಗಿ. ಪವಾಯಿಯ ಮೆಕ್ಯಾನಿಕ್ ಒಬ್ಬ ಚೈನನ್ನು ವಿಪರೀತ ಬಿಗಿದು ಹಾಳುಮಾಡಿದ್ದ. ಇನ್ನೊಬ್ಬ ಬೋಲ್ಟನ್ನು ಸೊಟ್ಟಗೆ ಕೂರಿಸಿದ್ದರಿಂದ ದಾರಿಯುದ್ದಕ್ಕೂ ಆಯಿಲ್ ಸೋರಿತ್ತು. ತರಕಾರಿ ಖರೀದಿಗೆ ಬಂದಾಗ ಬಾಷಾ ಸಿಕ್ಕ ಮೇಲೆ ಸದಾನಂದ ನಿಶ್ಚಿಂತರಾಗಿದ್ದರು.

ಕಳೆದ ವರ್ಷ ಸದಾನಂದ ಬೈಕಿನಿಂದ ಬಿದ್ದರು. ಬ್ರೇಕ್ ಒತ್ತಿದಾಗ ಹಿಂದಿನ ಗಾಲಿ ತಿರುಗದೆ ಕಚ್ಚಿಕೊಂಡಿತು. ಬಲ ಮೊಣಕಾಲು ಚೂರಾಯಿತು.

ಹಿಂದಿನ ದಿನವಷ್ಟೇ ಪವಾಯಿಯ ಪಂಕ್ಚರ್ ಅಂಗಡಿಯ ಧನರಾಜ್ ಆ ಗಾಡಿಯ ಪಂಕ್ಚರ್ ತೆಗೆದಿದ್ದ. ತಪ್ಪು ಅವನದೇ ಎಂದು ಹೋಟೆಲಿನವರು ಹೋಗಿ ಅವನ ಕೊರಳಪಟ್ಟಿ ಹಿಡಿದರು, ಅಂಗಡಿ ಮುಚ್ಚಿಸಿದರು.

ಸುದ್ದಿ ಕೇಳಿ ಬಾಷಾ ಬಂದರು. ಹೋಟೆಲಿನ ಹಿಂದೆ ನಿಲ್ಲಿಸಿದ್ದ ಗಾಡಿಯ ಪಕ್ಕ ಕುಕ್ಕರಗಾಲಲ್ಲಿ ಕೂತು ನೋಡಿದರು. ಹಿಂದಿನ ಬ್ರೇಕನ್ನು ಅಲ್ಲಾಡದಂತೆ ಹಿಡಿಯುವ ಪಟ್ಟಿಯ ನಟ್ಟು ಉದುರಿ ಗಾಲಿ ಕಚ್ಚಿಕೊಂಡಿತ್ತು. ಅದು ಸಡಿಲಾಗದಂತೆ ಹಾಕುವ ಪುಟ್ಟ ಪಿನ್ನೂ ಇರಲಿಲ್ಲ. ಧನರಾಜ್ ಬಿಚ್ಚಿದ್ದು ಮುಂದಿನ ಗಾಲಿ. ಅದೇ ವಾರ ಹಿಂದಿನದನ್ನು ಬಿಚ್ಚಿ ಹಾಕಿದ್ದವರು ಬಾಷಾ.

ಅವರನ್ನು ಯಾರೂ ಏನೂ ಕೇಳಿರಲಿಲ್ಲ. ಆದರೂ ನೇರ ಸದಾನಂದರಿದ್ದ ಆಸ್ಪತ್ರೆಗೆ ಹೋದರು.

"ಅಣ್ಣಾರ, ಆ ಧನರಾಜನ್ನ ಬೈಬ್ಯಾಡ್ರಿ. ಪಿನ್ ಹಾಕೂದು ಮರೆತಾಂವ ನಾನು."

ಮಂಚದ ಪಕ್ಕ ಕೂತಿದ್ದ ಸದಾನಂದರ ಹೆಂಡತಿ ಶೀಲಾವತಿ ಎದ್ದು ನಿಂತರು. "ನಿಮ್ಮನ್ನು ಇವರು ದೇವರ ಹಾಗೆ ನಂಬಿದ್ರಲ್ಲ ಬಾಷಾ ಭಾಯ್!"

ಸದಾನಂದ ಹೆಂಡತಿಗೆ ಕೂರುವಂತೆ ಕೈಸನ್ನೆ ಮಾಡಿದರು. ಆಮೇಲೆ, "ನಿಮಗೆ ಎಂತಾಯ್ತು ಭಾಯ್? ನೀವು ಮರೆಯುವ ಜನ ಅಲ್ಲ" ಎಂದರು.

ಬಾಷಾ ಎರಡೂ ಕೈ ಚಾಚಿದರು. "ಶುಗರ್ ಅದ. ಕೈಬಳ್ಳಿನ ತುದಿ ಜೋಮು ಹಿಡದಾವ. ನಟ್ಟು ಬಿಗಿ ಆಗೇತೋ ಇಲ್ಲೋ ತಿಳೀವಲ್ದು, ಪಿನ್ ಕೈಯಾಗಿಂದ ಬಿದ್ರೂ ತಿಳೀವಲ್ದು. ಕೆಲಸ ಬಿಡಬೇಕಿತ್ತು. ಬಿಡಲಿಲ್ಲ."

ಅಲ್ಲಿಂದ ಧನರಾಜನ ಮುಚ್ಚಿದ ಅಂಗಡಿಗೆ ಹೋಗಿ, ಬಾಗಿಲಲ್ಲಿ ಕೂತಿದ್ದ ಅವನಿಗೆ ಸುತ್ತಲಿನವರ ಎದುರಿಗೇ ಕೈಮುಗಿದರು. ಅವನು ಮುಖ ತಿರುಗಿಸಿಕೊಂಡ.

ಮನೆಗೆ ಬಂದು ಹೆಂಡತಿ ಜೈತುನಬಿಗೆ ಎಲ್ಲ ಹೇಳಿದರು. ಗಂಡನ ಬೆರಳಲ್ಲಿ ಸುಟ್ಟ ಬೊಬ್ಬೆಗಳನ್ನು ಅವರು ಎಷ್ಟೋ ಸಲ ಕಂಡಿದ್ದರು. "ಚಾದ ಗ್ಲಾಸ್ ಸುಟ್ಟೈತಿ ಅಂತಿದ್ರಿ. ಬಿಸಿ ತಿಳೀವಲ್ದು ಅಂತ ನನ್ ಮುಂದನೂ ಮುಚ್ಚಿಟ್ರಲ್ಲ" ಎಂದು ಅತ್ತರು.

ಆ ವಾರವೇ ಗ್ಯಾರೇಜು ಮುಚ್ಚಿತು. ನಟ್ಟು ಬಿಗಿಯುವ ಪಾನಾಗಳನ್ನು ಪಕ್ಕದ ಮೆಕ್ಯಾನಿಕ್‌ಗೆ ಕೊಟ್ಟು, ಬಾಷಾ ಒಂದು ಬಿಲ್ಡಿಂಗಿನ ವಾಚ್‌ಮನ್ ಆದರು. ಸದಾನಂದರ ಮೊಣಕಾಲು ಪೂರ್ತಿ ಮಡಚಲು ಬರಲಿಲ್ಲ. ಗಾಡಿ ಮಾರಿದರು. ಹೋಟೆಲಿಗೆ ತರಕಾರಿ ಈಗ ಟೆಂಪೋದಲ್ಲಿ ಬರುತ್ತದೆ.

ಈ ಈದಿಗೆ ಸದಾನಂದ ಫೋನ್ ಮಾಡಿದ್ದರು. ಮಕ್ಕಳ ವಿಷಯ, ಮಳೆಯ ವಿಷಯ ಮಾತಾಡಿದರು. ಕಾಲಿನ ಬಗ್ಗೆ ಕೇಳಲು ಬಾಷಾ ಅವರಿಗೆ ಬಾಯಿ ಬರಲಿಲ್ಲ. ಕೈ ಹೇಗಿದೆ ಎಂದು ಸದಾನಂದರೂ ಕೇಳಲಿಲ್ಲ. ಫೋನ್ ಇಟ್ಟ ಮೇಲೆ, ಜೈತುನಬಿ ಕೊಟ್ಟ ಶೀರ್‌ಖುರ್ಮಾ ಪಾಯಸ ಆರುವವರೆಗೂ ಬಾಷಾ ಹಾಗೇ ಕೂತಿದ್ದರು.