ಬಾಗಿಲಿಗೆ ಕಟ್ಟಿದ ಕಂಬಳಿ

ಆಯಿಯ ಎಡ ಹೆಗಲು ಬಲ ಹೆಗಲಿಗಿಂತ ಒಂದು ಬೆರಳು ಕೆಳಗಿತ್ತು. ಅದರ ಮೇಲೆ ವರ್ಷವಿಡೀ ಕರಿ ಕಂಬಳಿಯೊಂದು ಮಡಚಿಕೊಂಡು ಕೂತಿರುತ್ತಿತ್ತು, ಬೇಸಿಗೆಯಲ್ಲೂ ಇಳಿಯುತ್ತಿರಲಿಲ್ಲ. ಆಕೆ ಅಂಗಳಕ್ಕೆ ಕಾಲಿಡುವ ಮೊದಲೇ ಕುರಿಯ ವಾಸನೆ ಬಂದು ಸುದ್ದಿ ಹೇಳುತ್ತಿತ್ತು. ದೇವಾಪುರದ ಕುರಿ ಸಾಕುವ ಮನೆತನದವಳು, ಸುರಪುರದ ನಮ್ಮ ಓಣಿಯ ಅರ್ಧ ಮಕ್ಕಳಿಗೆ ಸೂಲಗಿತ್ತಿ, ಎಲ್ಲರಿಗೂ ಆಯಿ.

ನಿಜಾಮರ ಆಡಳಿತ ಹೋಗಿ ಎರಡು ಮೂರು ವರ್ಷವಾಗಿತ್ತು. ಶಾಲೆಗಳಲ್ಲಿ ಕನ್ನಡದ ತರಗತಿಗಳು ಶುರುವಾಗಿದ್ದವು, ಕಲಿಸುವವರೇ ಇರಲಿಲ್ಲ. ಹೆಣ್ಣುಮಕ್ಕಳ ಶಾಲೆಗೆ ನನ್ನನ್ನು ನೇಮಿಸಿದ ಹುಕುಂ ಬಂದಾಗ ನಾನು ತುಂಬು ಬಸುರಿ. ಹೆರಿಗೆಯಾಗಿ ಎರಡು ತಿಂಗಳೊಳಗೆ ಹಾಜರಾಗಬೇಕು, ಇಲ್ಲವಾದರೆ ಕೆಲಸ ಬೇರೆಯವರ ಪಾಲು.

ಮಗಳು ಸುಸೂತ್ರವಾಗಿ ಹುಟ್ಟಿದಳು. ಪಡಿಪಾಟಲು ಶುರುವಾದದ್ದು ಆಮೇಲೆ. ಮಗು ರಾತ್ರಿಯಿಡೀ ಅಳುತ್ತಿತ್ತು. ಹಗಲು ಮಲಗೋಣವೆಂದರೆ ಅತ್ತೆ ಬಿಡುತ್ತಿರಲಿಲ್ಲ. "ಬಾಣಂತಿ ಹಗಲೊತ್ತು ಮಕ್ಕೊಂಡ್ರ ಮೈಗೆ ನೀರು ತುಂಬ್ತದ" ಎನ್ನುತ್ತಿದ್ದರು. ಅತ್ತೆ ಕೆಟ್ಟವರಲ್ಲ, ಅಂಟಿನುಂಡಿ ಕಟ್ಟಿ ತಿನ್ನಿಸುವುದರಲ್ಲಿ ಎತ್ತಿದ ಕೈ. ತಿಂದದ್ದು ಎಲ್ಲಿ ಹೋಗುತ್ತಿತ್ತೋ, ಮೂರನೇ ವಾರದಲ್ಲೂ ನಾನು ಗೋಡೆ ಹಿಡಿದೇ ನಡೆಯುತ್ತಿದ್ದೆ. ನೋಡಲು ಬಂದವರೆಲ್ಲ ಮಾತಾಡಿಸಿ ಮಾತಾಡಿಸಿ ಉಳಿದ ಜೀವವನ್ನೂ ಹಿಂಡುತ್ತಿದ್ದರು.

ಒಂದು ಮುಂಜಾನೆ ಆಯಿ ಎಂದಿನಂತೆ ನನಗೆ ನೀರೆರೆಯಲು ಬಂದಳು. ಕೆಂಡದ ಅಗ್ಗಿಷ್ಟಿಕೆಯ ಮುಂದೆ ಮಗುವಿಗೆ ಹಾಲೂಡಿಸುತ್ತ ನಾನು ತೂಕಡಿಸಿದ್ದೆ. ಮಗು ತೊಡೆಯಿಂದ ಜಾರುತ್ತಿತ್ತು. ಆಯಿ ಹೊಸ್ತಿಲಿನಿಂದ ಒಂದೇ ನೆಗೆತಕ್ಕೆ ಬಂದು ಹಿಡಿಯದಿದ್ದರೆ ಏನಾಗುತ್ತಿತ್ತೆಂದು ಬರೆಯಲು ನನಗೆ ಇಂದಿಗೂ ಕೈ ಬರುವುದಿಲ್ಲ.

ನನಗೆ ಒಂದು ಮಾತೂ ಅನ್ನದೆ ಆಯಿ ಅತ್ತೆಯ ಕಡೆ ತಿರುಗಿದಳು. "ಅಲ್ಲವ್ವಾ, ಈದ ಕುರೀನ ಮಂದ್ಯಾಗ ಓಡಸ್ತಾರೇನು? ನೆಳ್ಳಾಗ ಬಿಡ್ತೀವಿ. ಎಷ್ಟ ಸೊಪ್ಪು ಹಾಕಿದ್ರೂ ಮಲಗದ ಕುರಿಗೆ ಅದು ಮೈಗೆ ಹತ್ತಂಗಿಲ್ಲ. ಉಂಡಿ ತಿನ್ಸಿದ್ದು ಸಾಕು, ಇಕೀನ ಮಲಗಾಕ ಬಿಡು."

"ಓಣ್ಯಾಗ ಏನಂತಾರ?"

"ಓಣಿ ಹಡದೈತೇನವ್ವಾ? ಹಡದಾಕಿ ಇಕಿ."

ಅಂದು ನನಗೆ ನೀರೆರೆದ ಮೇಲೆ ಆಯಿ ಹೆಗಲಿನಿಂದ ಕಂಬಳಿ ತೆಗೆದು ಕೋಣೆಯ ಬಾಗಿಲಿಗೆ ಕಟ್ಟಿದಳು. "ಬಿಸಿಲು ಅಂಗಳದ ಬೀಸಕಲ್ಲಿಗೆ ಮುಟ್ಟೋ ತನಕ ಯಾರೂ ಒಳಗ ಹೋಗಬ್ಯಾಡ್ರಿ" ಎಂದು ಮಗುವನ್ನು ಎತ್ತಿಕೊಂಡು ಹೊರಗೆ ಕೂತಳು. ಮಗು ಹಸಿದು ಅತ್ತರೆ ಕಂಬಳಿ ಸರಿಸಿ ನನ್ನ ಎದೆಗೆ ಕೊಟ್ಟು, ಕುಡಿದಾದ ಮೇಲೆ ಮತ್ತೆ ಒಯ್ಯುತ್ತಿದ್ದಳು. ದಿನವೂ ಅದೇ ಹೊತ್ತು. ಸಂಜೆ ಮಗುವಿಗೆ ಎಣ್ಣೆ ಹಚ್ಚಲು ಬಂದಾಗ ನಾನು ಮಲಗಿದ್ದರೆ ತಾನೇ ಎಬ್ಬಿಸುತ್ತಿದ್ದಳು: "ಏಳ ಮಗಳ, ದೀಪ ಹಚ್ಚೋ ಹೊತ್ತಿನ ನಿದ್ದಿ ರಾತ್ರಿ ನಿದ್ದೀನ ತಿಂತೈತಿ."

ಕಂಬಳಿ ಕಟ್ಟಿದ ಆರನೇ ದಿನ ದೇವಾಪುರದಲ್ಲಿ ಹೆರಿಗೆಯಿದೆಯೆಂದು ಕರೆ ಬಂತು. ಆಯಿ ಕಂಬಳಿಯನ್ನು ನಮ್ಮ ಬಾಗಿಲಿಗೇ ಬಿಟ್ಟು ಬರಿ ಹೆಗಲಲ್ಲಿ ಹೋದಳು. ಅಂದೇ ಯಾದಗಿರಿಯಿಂದ ಅತ್ತೆಯ ಅಕ್ಕ ಮೊಮ್ಮಗಳನ್ನು ನೋಡಲು ಬರಬೇಕೆ! ಮುಗಿಯಿತು ನನ್ನ ನಿದ್ದೆ ಎಂದುಕೊಂಡೆ. ಹೊರಗೆ ಅತ್ತೆಯ ದನಿ ಕೇಳಿಸಿತು.

"ಕಂಬಳಿ ಅದ ಯಕ್ಕಾ, ಒಳಗ ಹೋಗಬ್ಯಾಡ. ಚಹಾ ಕುಡಿ, ಬಿಸಿಲು ಬೀಸಕಲ್ಲಿಗೆ ಬರ್ಲಿ."

"ಹಗಲೊತ್ತು ಮಲಗೋದಾ? ಯಾವ ಪದ್ಧತಿ ಇದು?"

ಅತ್ತೆ ಚಹಾದ ಬಟ್ಟಲು ಕೆಳಗಿಟ್ಟ ಸದ್ದಾಯಿತು. "ನಾ ನಾಕು ಹಡದೆ. ನನಗ ಯಾರೂ ಕಂಬಳಿ ಕಟ್ಟಲಿಲ್ಲ."

ನನಗೆ ಅಳು ಬಂತು. ಅಳುತ್ತಲೇ ನಿದ್ದೆಯೂ ಬಂತು. ತಿಂಗಳು ಕಳೆಯುವುದರೊಳಗೆ ಗೋಡೆ ಬಿಟ್ಟು ನಡೆದೆ. ಗಡುವಿಗೆ ಎರಡು ದಿನ ಮೊದಲೇ ಶಾಲೆಯ ರಿಜಿಸ್ಟರಿನಲ್ಲಿ ರುಜು ಹಾಕಿದೆ.

ಎಷ್ಟೋ ವರ್ಷಗಳ ನಂತರ ಆಯಿ ಜ್ವರದಿಂದ ಮಲಗಿದ್ದಾಳೆಂದು ತಿಳಿದು ದೇವಾಪುರಕ್ಕೆ ಹೋದೆ. ಮನೆ ತುಂಬ ಆಕೆ ಹೆರಿಗೆ ಮಾಡಿಸಿದ ತಾಯಂದಿರು. ಒಬ್ಬೊಬ್ಬರೂ ಆಕೆಯನ್ನು ಅಲುಗಾಡಿಸಿ "ಆಯಿ, ನಾ ಯಾರು ಹೇಳು" ಎನ್ನುತ್ತಿದ್ದರು, ಪ್ರೀತಿಯಿಂದಲೇ. ನನಗೆ ಸಿಟ್ಟು ಬಂತು. ಗೂಟದ ಮೇಲಿದ್ದ ಕಂಬಳಿ ತೆಗೆದುಕೊಂಡು, ತರಗತಿಯ ದನಿಯಲ್ಲಿ "ಎಲ್ಲಾರೂ ಹೊರಗ ನಡೀರಿ" ಎಂದು ಬಾಗಿಲಿಗೆ ಕಟ್ಟಿ ಹೊಸ್ತಿಲಲ್ಲಿ ಕೂತೆ. ಮೂರು ದಿನ ಹಾಗೇ ಕೂತೆ. ಮೂರನೇ ಮಧ್ಯಾಹ್ನ ಒಳಗಿನಿಂದ ಗಂಜಿ ಕೇಳಿದಳು. ಕುಡಿದು, ಕಂಬಳಿಯನ್ನೇ ನೋಡುತ್ತ "ನನ್ನ ಪಾಲಿಗೂ ಒಂದ ಸಲ ಇದನ್ನ ಕಟ್ಟಿದ್ಯಲ್ಲ ಮಗಳ" ಎಂದಳು.

ಆಮೇಲೂ ಮೂರು ಮಳೆಗಾಲ ಬದುಕಿದಳು. ಆಕೆ ತೀರಿಕೊಂಡ ಮೇಲೆ ಮಗ ಬಂದು ಕಂಬಳಿಯನ್ನು ನನ್ನ ಕೈಗೆ ಕೊಟ್ಟ. "ಅಕ್ಕೋರಿಗೆ ಕೊಡು ಅಂದಾಳ್ರಿ" ಎಂದ.

ಅಂದು ತೊಡೆಯಿಂದ ಜಾರಿದ್ದ ಆ ಮಗಳೇ ಹೆತ್ತಾಗ ಕಂಬಳಿಯನ್ನು ಬಾಗಿಲಿಗೆ ಕಟ್ಟಿ, ಮೊಮ್ಮಗನನ್ನು ಎತ್ತಿಕೊಂಡು ಹೊರಗೆ ಕೂತೆ. ತೀರ ಮುದುಕಿಯಾಗಿದ್ದ ಅತ್ತೆ ಗೋಡೆ ಹಿಡಿದುಕೊಂಡು ಬಂದು ಪಕ್ಕದಲ್ಲಿ ಕೂತರು. ಅವರಿಗೆ ಕಣ್ಣು ಕಾಣುತ್ತಿರಲಿಲ್ಲ.

"ಬಿಸಿಲು ಎಲ್ಲಿಗೆ ಬಂತು?" ಎಂದು ಕೇಳಿದರು.

ಬೀಸುಕಲ್ಲನ್ನು ದಾಟಿ ಎಷ್ಟೋ ಹೊತ್ತಾಗಿತ್ತು.

"ಇನ್ನೂ ಹೊತ್ತದ, ಅತ್ತಿ" ಎಂದೆ.